ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ: ಸುಲಭವಾಗಿ ಮಡಚುವ ಸ್ಟ್ರಾಲರ್ ಆರಿಸುವುದು, ಬಳಸುವುದು ಹೇಗೆ?

ಜಯನಗರ ನಾಲ್ಕನೇ ಬ್ಲಾಕ್, ಒಂದು ಸಂಜೆ. ಆಗಷ್ಟೇ ಹನಿ ಶುರುವಾಗಿತ್ತು. ಆಟೊ ನಿಂತಿದೆ, ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದಾರೆ. ನನ್ನ ಎಡಗೈಯಲ್ಲಿ ಎಂಟು ತಿಂಗಳ ಮಗಳು, ಹೆಗಲಲ್ಲಿ ಡಯಾಪರ್ ಚೀಲ, ಬಲಗೈಯಲ್ಲಿ ಮಡಚಿಕೊಳ್ಳಲು ಒಪ್ಪದ ಸ್ಟ್ರಾಲರ್. ಡಬ್ಬದ ಮೇಲೆ 'ಒಂದೇ ಕೈಯಲ್ಲಿ ಮಡಚಬಹುದು' ಎಂದು ದೊಡ್ಡದಾಗಿ ಬರೆದಿತ್ತು. ಸುಳ್ಳೇನಲ್ಲ, ಮಡಚಬಹುದಿತ್ತು. ಆದರೆ ಅದಕ್ಕೆ ಮೊದಲು ಮುಂದಿನ ಚಕ್ರ ನೇರ ಮಾಡಬೇಕು, ಸೀಟಿನ ಬೆನ್ನನ್ನು ಮೇಲೆತ್ತಬೇಕು, ಕೊಡೆಯನ್ನು ಹಿಂದಕ್ಕೆ ತಳ್ಳಬೇಕು, ಕೆಳಗಿನ ಬುಟ್ಟಿಯಲ್ಲಿದ್ದ ತರಕಾರಿ ಹೊರಗಿಡಬೇಕು. ಕೊನೆಗೆ ಆಟೊದವರೇ ಇಳಿದು ಬಂದು, "ಬಿಡಿ ಅಕ್ಕ, ನಾನ್ ಮಾಡ್ತೀನಿ" ಎಂದು ಕಾಲಲ್ಲಿ ಒಂದು ಒತ್ತು ಕೊಟ್ಟರು. ಮಡಚಿಕೊಂಡಿತು. ಮನೆಗೆ ಬಂದು ನೋಡಿದರೆ ಒಂದು ಕಡೆಯ ಲಾಕ್ ಮುರಿದಿತ್ತು.

ಆ ಗಾಡಿಯ ತೂಕ 11 ಕೆ.ಜಿ. ಈಗ ಬಾಲ್ಕನಿಯಲ್ಲಿದೆ. ಒದ್ದೆ ಬಟ್ಟೆ ಹರವಲು ಚೆನ್ನಾಗಿದೆ.

ಎರಡನೇ ಸಲ ಕೊಳ್ಳುವಾಗ ಒಂದು ವಾರ ಸುಮ್ಮನೆ ಲೆಕ್ಕ ಇಟ್ಟೆ. ದಿನಕ್ಕೆ ಎಷ್ಟು ಹೊತ್ತು ತಳ್ಳುತ್ತೇನೆ, ಎಷ್ಟು ಸಲ ಎತ್ತುತ್ತೇನೆ? ಗೇಟಿನ ಮೆಟ್ಟಿಲು, ಅಂಗಡಿ ಮುಂದಿನ ಮೂರು ಮೆಟ್ಟಿಲು, ಕಿತ್ತುಹೋದ ಫುಟ್‌ಪಾತ್, ಆಟೊ, ಕ್ಯಾಬ್, ಅಮ್ಮನ ಮನೆಯ ಎರಡನೇ ಮಹಡಿ. ನಮ್ಮೂರುಗಳಲ್ಲಿ ಸ್ಟ್ರಾಲರ್ ತಳ್ಳುವುದಕ್ಕಿಂತ ಎತ್ತುವುದೇ ಜಾಸ್ತಿ. ಇದೊಂದು ತಲೆಯಲ್ಲಿದ್ದರೆ ಯಾವುದನ್ನು ಕೊಳ್ಳಬೇಕು ಎನ್ನುವುದು ಅರ್ಧ ತೀರ್ಮಾನವಾದ ಹಾಗೆ. ಬಣ್ಣ, ಕಪ್ ಹೋಲ್ಡರ್, ಆಟಿಕೆ ತೂಗುವ ಕಂಬಿ ಎಲ್ಲ ಆಮೇಲೆ. ಮೊದಲು ಮಡಚುವುದು ಹೇಗೆ, ಮಡಚಿದ ಮೇಲೆ ಎಷ್ಟು ದೊಡ್ಡದು, ಎಷ್ಟು ತೂಕ ಅಂತ ನೋಡಿ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿಯಿರಿ

ಲಿಫ್ಟ್ ಬಾಗಿಲಿನ ಅಗಲ, ಮನೆ ಬಾಗಿಲಿನ ಅಗಲ, ಗಾಡಿ ನಿಲ್ಲಿಸುವ ಮೂಲೆ ಅಳೆದು ಬರೆದಿಟ್ಟುಕೊಳ್ಳಿ. ಚಿಕ್ಕ ಸ್ಟ್ರಾಲರ್‌ಗಳು ಸಾಮಾನ್ಯವಾಗಿ 45ರಿಂದ 50 ಸೆಂ.ಮೀ. ಅಗಲ ಇರುತ್ತವೆ, ದೊಡ್ಡವು 60ರ ತನಕ ಹೋಗುತ್ತವೆ. ಹಳೇ ಕಟ್ಟಡಗಳ ಜಾಲರಿ ಬಾಗಿಲಿನ ಲಿಫ್ಟ್‌ಗಳಲ್ಲಿ ಈ ಹತ್ತು ಸೆಂ.ಮೀ. ದೊಡ್ಡ ವಿಷಯ.

ಆಮೇಲೆ ಕಾರಿನ ಡಿಕ್ಕಿ. ಅದು ಎಷ್ಟು ಲೀಟರ್ ಅನ್ನುವ ಕಂಪನಿ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಿಕ್ಕಿಯ ಬಾಯಿ ಎಷ್ಟು ಅಗಲ, ಎಷ್ಟು ಎತ್ತರ ಅಂತ ಅಳೆಯಿರಿ. ಒಳಗೆ ಜಾಗ ಇದ್ದರೂ ಬಾಯಿ ಚಿಕ್ಕದಾದರೆ ಗಾಡಿ ಒಳಗೆ ಹೋಗದು. ಸಿಎನ್‌ಜಿ ಕಾರಾದರೆ ಡಿಕ್ಕಿಯನ್ನು ಬಹುಪಾಲು ಸಿಲಿಂಡರೇ ನುಂಗಿರುತ್ತದೆ. ನೀವು ಸ್ವಂತ ಕಾರಿಗಿಂತ ಕ್ಯಾಬ್‌ನಲ್ಲೇ ಜಾಸ್ತಿ ಓಡಾಡುವವರಾದರೆ, ಡಿಕ್ಕಿ ಇಲ್ಲ ಅಂತಲೇ ಲೆಕ್ಕ ಹಾಕಿಬಿಡಿ. ಮಡಚಿದ ಗಾಡಿ ಡ್ರೈವರ್ ಪಕ್ಕದ ಸೀಟಿನ ಕಾಲಿಡುವ ಜಾಗದಲ್ಲೋ ನಿಮ್ಮ ಕಾಲ ಬಳಿಯೋ ಕೂರಬೇಕು.

ಇನ್ನೊಂದು ಲೆಕ್ಕ, ಮೆಟ್ಟಿಲು. ಎಂಟು ಕೆ.ಜಿ. ಮಗು, ಏಳು ಕೆ.ಜಿ. ಗಾಡಿ, ಮೂರು ಕೆ.ಜಿ. ಚೀಲ. ಇಷ್ಟನ್ನು ಹೊತ್ತು ನೀವು ಎಷ್ಟು ಮೆಟ್ಟಿಲು ಹತ್ತಬಲ್ಲಿರಿ? ಸಿಸೇರಿಯನ್ ಆಗಿದ್ದವರು ಇದನ್ನು ಇನ್ನೂ ಗಂಭೀರವಾಗಿ ಯೋಚಿಸಬೇಕು. ನಿಮ್ಮ ಮಿತಿ ಐದು ಕೆ.ಜಿ. ಅಂತಾದರೆ ನಾಚಿಕೆಪಡದೆ ಅಂಗಡಿಯವರಿಗೆ ಅದನ್ನೇ ಹೇಳಿ.

ಹೆಜ್ಜೆ 2: ಮಗುವಿಗೆ ಎಷ್ಟು ತಿಂಗಳು?

ಚಿಕ್ಕದಾಗಿ ಮಡಚುವ ಬಹಳಷ್ಟು ಗಾಡಿಗಳು ಆರು ತಿಂಗಳ ಮೇಲಿನ ಮಕ್ಕಳಿಗೆ ಮಾತ್ರ. ಕಾರಣ ಇದೆ. ಹುಟ್ಟಿದ ಮಗುವಿಗೆ ಕುತ್ತಿಗೆ ನಿಂತಿರುವುದಿಲ್ಲ. ಅರ್ಧ ಕೂತ ಭಂಗಿಯಲ್ಲಿ ಬಿಟ್ಟರೆ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಅಳುವುದಕ್ಕೂ ಆಗದೆ ಹೋಗಬಹುದು. ಆದ್ದರಿಂದ ಎಳೆಗೂಸಿಗೆ ಪೂರ್ತಿ ಅಥವಾ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗುವ ಸೀಟೇ ಬೇಕು. 'ಹುಟ್ಟಿದಂದಿನಿಂದ' ಎಂದು ಬರೆದಿದ್ದರೂ ಸೀಟನ್ನು ಕೊನೆಯ ತನಕ ಇಳಿಸಿ ಕಣ್ಣಾರೆ ನೋಡಿ.

ಇಲ್ಲಿ ನನ್ನದೊಂದು ಸ್ವಂತ ಅಭಿಪ್ರಾಯ. ನಮ್ಮಲ್ಲಿ ಬಾಣಂತನ ಅಂತ ಮೂರು ತಿಂಗಳು ಹೇಗೂ ಮನೆಯಲ್ಲೇ ಕಳೆಯುತ್ತದೆ. ಕೆಲವರಿಗೆ ಐದು ತಿಂಗಳು ತವರಿನಲ್ಲೇ. ಆ ದಿನಗಳಲ್ಲಿ ಹೊರಗೆ ಹೋಗುವುದೆಂದರೆ ಲಸಿಕೆಗೆ ಮಾತ್ರ, ಅದೂ ಅಜ್ಜಿಯ ಮಡಿಲಲ್ಲಿ. ಹಾಗಾಗಿ ಸೀಮಂತದ ಉಡುಗೊರೆಗೆ ಯಾರಾದರೂ ಸ್ಟ್ರಾಲರ್ ಕೊಡ್ತೀವಿ ಅಂದರೆ, "ಆರು ತಿಂಗಳು ತಡೆಯಿರಿ, ಆಮೇಲೆ ಕೊಡಿ" ಅನ್ನಿ. ಅಷ್ಟರಲ್ಲಿ ಮಗು ಕೂರಲು ಕಲಿತಿರುತ್ತದೆ, ಹಗುರವಾದ ಚಿಕ್ಕ ಗಾಡಿಯನ್ನೇ ನೇರವಾಗಿ ಕೊಳ್ಳಬಹುದು. ಮೂರು ತಿಂಗಳಿಗಾಗಿ 11 ಕೆ.ಜಿ. ಗಾಡಿ ತಂದು ನಾನು ಮಾಡಿದ್ದು ದಂಡದ ಖರ್ಚು. ಹೊರದೇಶದಲ್ಲಿ, ಸಹಾಯಕ್ಕೆ ಯಾರೂ ಇಲ್ಲದೆ, ಮಗುವಿಗೆ ಎರಡು ವಾರ ಆಗುತ್ತಲೇ ಅಂಗಡಿಗೆ ಹೋಗಬೇಕಾದ ಕನ್ನಡದ ಅಮ್ಮಂದಿರಿಗೆ ಈ ಮಾತು ಹೊಂದುವುದಿಲ್ಲ. ಅವರಿಗೆ ಮಲಗುವ ಸೀಟಿನ ಗಾಡಿ ಮೊದಲ ದಿನದಿಂದಲೇ ಬೇಕು.

ಹೆಜ್ಜೆ 3: ಮಡಚುವ ಬಗೆ ಗುರುತಿಸಿ

ಮಡಚುವ ಗಾಡಿಗಳ ಅಜ್ಜ ಕೊಡೆ ಗಾಡಿ. ಬ್ರಿಟನ್ನಿನ ಓವನ್ ಮೆಕ್ಲಾರೆನ್ ವಿಮಾನ ಎಂಜಿನಿಯರ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರಗಳು ರೆಕ್ಕೆಯೊಳಗೆ ಮಡಚಿಕೊಳ್ಳುತ್ತವಲ್ಲ, ಆ ಭಾಗದ ಮೇಲೆ ಕೆಲಸ ಮಾಡಿದವರು. ಮೊಮ್ಮಗುವಿನ ಭಾರದ ಗಾಡಿಯ ಪಾಡು ನೋಡಿ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಮೂರು ಕೆ.ಜಿ.ಗೂ ಕಮ್ಮಿ ತೂಕದ, ಕೊಡೆಯಂತೆ ಮಡಚುವ ಗಾಡಿ ರೂಪಿಸಿದರು. ಅದಕ್ಕೆ ಮೊದಲು ಮಗುವಿನ ಗಾಡಿ ಅಂದರೆ ಕುದುರೆಯಿಲ್ಲದ ಸಾರೋಟಿನ ಹಾಗೆ ಇರುತ್ತಿತ್ತು.

ಕೊಡೆ ಗಾಡಿ ಮಡಚಿದರೆ ಉದ್ದವಾದ ಕೋಲಿನ ಕಟ್ಟಿನಂತಾಗುತ್ತದೆ. ಹಗುರ, ಅಗ್ಗ, ಬಾಗಿಲ ಹಿಂದೆ ನಿಲ್ಲಿಸಬಹುದು, ಆಟೊದಲ್ಲಿ ಸೀಟಿನ ಹಿಂದಿನ ಜಾಗದಲ್ಲಿ ಅಡ್ಡ ಮಲಗಿಸಬಹುದು. ತೊಂದರೆ ಏನೆಂದರೆ ಎರಡು ಹಿಡಿ, ಎರಡೂ ಕೈ ಬೇಕು. ಮಡಚಲು ಸಾಮಾನ್ಯವಾಗಿ ಕಾಲಿನಿಂದಲೂ ಒಂದು ಲಾಕ್ ಒತ್ತಬೇಕು, ಬಗ್ಗಬೇಕು.

ಎರಡನೆಯದು ಪುಸ್ತಕದಂತೆ ಮಡಚುವುದು. ಹ್ಯಾಂಡಲ್ ಭಾಗ ಬಾಗಿ ಚಕ್ರದ ಭಾಗಕ್ಕೆ ಸೇರುತ್ತದೆ. ಚಕ್ರ ದೊಡ್ಡದು, ಓಡಾಟ ನಯ, ಸೀಟು ಅಗಲ. ಮಡಚಿದ ಮೇಲೂ ಚಿಕ್ಕದಾಗುವುದಿಲ್ಲ, ಚಪ್ಪಟೆ ಆಗುತ್ತದೆ ಅಷ್ಟೆ.

ಮೂರನೆಯದು ಈಗ ಎಲ್ಲ ಕಡೆ ಕಾಣುವ ಮೂರು ಮಡಿಕೆಯ ಗಾಡಿ. ಹ್ಯಾಂಡಲ್ ಒಮ್ಮೆ ಮಡಚಿ, ಮೈ ಇನ್ನೊಮ್ಮೆ ಮಡಚಿ, ಕೊನೆಗೆ ಪುಟ್ಟ ಸೂಟ್‌ಕೇಸ್ ಗಾತ್ರಕ್ಕೆ ಬರುತ್ತದೆ. ಆರರಿಂದ ಏಳೂವರೆ ಕೆ.ಜಿ. ಇರುತ್ತದೆ. ಹೆಗಲಿಗೆ ಹಾಕುವ ಪಟ್ಟಿ ಇರುತ್ತದೆ. ಚಕ್ರ ಮಾತ್ರ ಚಿಕ್ಕದು. ಹೊಂಡ ಬಂದರೆ ಮುಗ್ಗರಿಸುತ್ತದೆ. ಇದರಲ್ಲೇ ಬಟನ್ ಒತ್ತಿದರೆ ತಾನೇ ಕುಸಿದು ಮಡಚಿಕೊಳ್ಳುವ ಮಾದರಿಗಳೂ ಇವೆ. ನೋಡಲು ಮ್ಯಾಜಿಕ್, ಆದರೆ ಪಕ್ಕದಲ್ಲಿ ಎರಡು ವರ್ಷದ ಅಣ್ಣನೋ ಅಕ್ಕನೋ ಇರುವ ಮನೆಗೆ ನಾನು ಅದನ್ನು ತರುತ್ತಿರಲಿಲ್ಲ. ಆ ವಯಸ್ಸಿಗೆ ಬಟನ್ ಕಂಡರೆ ಒತ್ತಲೇಬೇಕು.

ನಿಮಗೆ ಯಾವುದು? ಲಿಫ್ಟ್ ಇದೆ, ಸ್ವಂತ ಕಾರಿದೆ, ಲೇಔಟ್ ಒಳಗೆ ಒಳ್ಳೆ ರಸ್ತೆ ಇದೆ ಅಂದರೆ ಪುಸ್ತಕದ ಬಗೆ. ಮೆಟ್ಟಿಲು, ಆಟೊ, ಕ್ಯಾಬ್, ಮೆಟ್ರೊ ಅಂದರೆ ಮೂರು ಮಡಿಕೆ. ಊರಿನಲ್ಲಿ ಅಜ್ಜಿ ಮನೆಯಲ್ಲಿ ಒಂದು ಬಿದ್ದಿರಲಿ ಅಂದರೆ ಕೊಡೆ ಗಾಡಿ ಸಾಕು. ಅಂಗಡಿಗಳಲ್ಲಿ ಲವ್‌ಲ್ಯಾಪ್, ಆರ್ ಫಾರ್ ರ‍್ಯಾಬಿಟ್, ಚಿಕ್ಕೋ ಅಂತ ಹಲವು ಹೆಸರು ಕೇಳುತ್ತೀರಿ. ಒಂದೇ ಕಂಪನಿಯಲ್ಲೂ ಮೂರೂ ಬಗೆ ಇರಬಹುದು, ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಮಾದರಿಯನ್ನು ಕೈಯಾರೆ ಮಡಚಿ ನೋಡಿ.

ಹೆಜ್ಜೆ 4: ಐದು ಕೆ.ಜಿ. ಅಕ್ಕಿ ಪರೀಕ್ಷೆ

ಅಂಗಡಿಯವರು ಮಡಚಿ ತೋರಿಸಿದ್ದನ್ನು ನಂಬಬೇಡಿ. ಅವರು ದಿನಕ್ಕೆ ಇಪ್ಪತ್ತು ಸಲ ಅದನ್ನೇ ಮಾಡುತ್ತಾರೆ. ಗಾಡಿ ಖಾಲಿ, ನೆಲ ನುಣುಪು, ಎರಡೂ ಕೈ ಬಿಡುವು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನೀವೇ ಮಡಚಿ. ಮಗು ಜೊತೆಗಿಲ್ಲ ಅಂದರೆ ಐದು ಕೆ.ಜಿ. ಅಕ್ಕಿ ಚೀಲವಾದರೂ ಸೊಂಟದ ಮೇಲಿರಲಿ. ನಾನು ನಿಜವಾಗಿಯೂ ಅಕ್ಕಿ ಚೀಲ ತೆಗೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ನಕ್ಕ. ಆಮೇಲೆ ಅವನೇ ಪ್ರಯತ್ನಿಸಿದ, ಎರಡು ಗಾಡಿಗಳಲ್ಲಿ ಸೋತ.

ಮಡಚುವಾಗ ಗಮನಿಸಿ. ಸೀಟಿನ ಬೆನ್ನು ಇಳಿದಿದ್ದರೂ ಮಡಚುತ್ತದೆಯೇ? ಚಕ್ರ ಅಡ್ಡ ತಿರುಗಿದ್ದರೆ ಅಡ್ಡಿಯಾಗುತ್ತದೆಯೇ? ಮುಂದಿನ ಅಡ್ಡ ಕಂಬಿಯನ್ನು ಬಿಚ್ಚಿಯೇ ಮಡಚಬೇಕೇ? ಮಡಚಿದ ಮೇಲೆ ತಾನೇ ಲಾಕ್ ಆಗುತ್ತದೆಯೇ, ಇಲ್ಲ ಎತ್ತಿದ ಕೂಡಲೇ ಬಾಯಿ ಬಿಡುತ್ತದೆಯೇ? ಗೋಡೆಯ ಆಸರೆ ಇಲ್ಲದೆ ನಿಲ್ಲುತ್ತದೆಯೇ? ನಿಂತಾಗ ಸೀಟಿನ ಬಟ್ಟೆ ನೆಲಕ್ಕೆ ತಾಗುತ್ತದೆಯೇ? ಕೊನೆಯದು ಯಾರೂ ಕೇಳದ ಪ್ರಶ್ನೆ. ಬಸ್ ಸ್ಟ್ಯಾಂಡಿನ ನೆಲಕ್ಕೆ ತಾಗಿದ ಬಟ್ಟೆಯನ್ನು ಹಲ್ಲು ಬರುವ ವಯಸ್ಸಿನ ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಬಿಚ್ಚುವುದನ್ನೂ ಅಷ್ಟೇ ಸಲ ಮಾಡಿ. ಬಿಚ್ಚುವಾಗ 'ಟಕ್' ಅಂತ ಸ್ಪಷ್ಟವಾದ ಸದ್ದು ಬರಬೇಕು.

ಆಮೇಲೆ ಉಳಿದವು. ಹೆಗಲಿಗೆರಡು, ಸೊಂಟಕ್ಕೆರಡು, ತೊಡೆಯ ನಡುವೆ ಒಂದು, ಹೀಗೆ ಐದು ಕಡೆಯ ಬೆಲ್ಟ್ ಇರಲೇಬೇಕು. ನಡುವಿನ ಪಟ್ಟಿ ಇಲ್ಲದಿದ್ದರೆ ಮಗು ಕೆಳಗೆ ಜಾರಿ, ಹೆಗಲ ಪಟ್ಟಿ ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಬ್ರೇಕ್ ಒಂದೇ ಒತ್ತಿಗೆ ಎರಡೂ ಚಕ್ರ ಹಿಡಿಯಬೇಕು. ಅದನ್ನು ಚಪ್ಪಲಿ ಹಾಕಿಕೊಂಡೇ ಪರೀಕ್ಷಿಸಿ, ಕೆಲವು ಬ್ರೇಕ್‌ಗಳನ್ನು ಬಿಡಿಸಲು ಕಾಲ್ಬೆರಳಿನಿಂದ ಮೇಲೆತ್ತಬೇಕು, ಹವಾಯಿ ಚಪ್ಪಲಿಯಲ್ಲಿ ನೋಯುತ್ತದೆ. ಸೀರೆ ಉಡುವವರು ಸೀರೆಯಲ್ಲೇ ಹೋಗಿ ಹತ್ತು ಹೆಜ್ಜೆ ತಳ್ಳಿ. ನೆರಿಗೆ ಹಿಂದಿನ ಚಕ್ರಕ್ಕೆ ಸಿಕ್ಕುತ್ತದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹ್ಯಾಂಡಲ್ ಎತ್ತರವನ್ನು ಎತ್ತರದ ಅಪ್ಪ ಮತ್ತು ಗಿಡ್ಡ ಅಜ್ಜಿ ಇಬ್ಬರೂ ನೋಡಲಿ.

ಸೀಟಿನ ಬೆನ್ನಿಗೆ ಗಾಳಿಯಾಡುವ ಬಲೆ ಇದ್ದರೆ ನಮ್ಮ ಹವೆಗೆ ಒಳ್ಳೆಯದು. ಮಂಗಳೂರು, ರಾಯಚೂರಿನ ಕಡೆಯವರಿಗಂತೂ ಇದು ಬೇಕೇ ಬೇಕು. ಲೇಬಲ್ ಓದಿ: ಎಷ್ಟು ಕೆ.ಜಿ. ತನಕ ಮಗು ಕೂರಬಹುದು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 15, ಕೆಲವದರಲ್ಲಿ 22. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಗುಣಮಟ್ಟದ ಗುರುತಿದ್ದರೆ ಬ್ರೇಕ್, ಲಾಕ್, ಬೆಲ್ಟ್ ಪರೀಕ್ಷೆ ಆಗಿದೆ ಅಂತ ಅರ್ಥ.

ಬೆಲೆಯ ಬಗ್ಗೆ ಒಂದೇ ಮಾತು. ಸಾಧಾರಣ ಗಾಡಿ ಮೂರರಿಂದ ಆರು ಸಾವಿರ, ಒಳ್ಳೆಯ ಮೂರು ಮಡಿಕೆಯದು ಅದರ ದುಪ್ಪಟ್ಟು, ಹೊರದೇಶದ ದುಬಾರಿ ಹೆಸರಿನದು ಇನ್ನೂ ಮೇಲೆ. ದುಡ್ಡು ಹಾಕುವುದಾದರೆ ಮಡಚುವ ಕೀಲಿಗೆ ಹಾಕಿ.

ಹೆಜ್ಜೆ 5: ಮಡಚುವಾಗ ಮಗು ದೂರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸುಲಭವಾಗಿ ಮಡಚುತ್ತದೆ ಅಂದರೆ ಕೀಲುಗಳು ಬೇಗ ಮುಚ್ಚುತ್ತವೆ ಅಂತ. ಕತ್ತರಿಯ ಹಾಗೆ. 2009ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮೆಕ್ಲಾರೆನ್ ಕೊಡೆ ಗಾಡಿಗಳನ್ನು ಸರಿಪಡಿಸಿಕೊಳ್ಳಲು ಕಂಪನಿಯವರು ಕರೆ ಕೊಟ್ಟರು. ಗಾಡಿ ಬಿಚ್ಚುವಾಗ ಕೀಲಿನ ಸಂದಿಗೆ ಸಿಕ್ಕು ಮಕ್ಕಳ ಬೆರಳ ತುದಿ ಕತ್ತರಿಸಿಹೋದ 12 ಪ್ರಕರಣ ವರದಿಯಾಗಿದ್ದವು. ಕೊನೆಗೆ ಕೀಲಿಗೆ ಹೊದಿಸುವ ಕವರ್ ಕೊಟ್ಟರು. ಅಷ್ಟು ಹೆಸರಾದ ಗಾಡಿಯಲ್ಲೇ ಹೀಗಾದ ಮೇಲೆ ಉಳಿದವುಗಳ ಬಗ್ಗೆ ಎಚ್ಚರ ಬೇಡವೇ?

ಮಡಚುವ ಕ್ರಮ ಹೀಗಿರಲಿ. ಮೊದಲು ಬ್ರೇಕ್. ಆಮೇಲೆ ಹ್ಯಾಂಡಲ್‌ಗೆ ನೇತುಹಾಕಿದ ಚೀಲ ತೆಗೆಯಿರಿ. ಆಮೇಲೆ ಮಗು. ಈ ಎರಡನ್ನು ತಿರುವುಮುರುವು ಮಾಡಿದರೆ, ಮಗುವನ್ನು ಎತ್ತಿದ ಕ್ಷಣ ಚೀಲದ ಭಾರಕ್ಕೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗುವನ್ನು ಜೊತೆಗಿದ್ದವರ ಕೈಗೆ ಕೊಡಿ, ಯಾರೂ ಇಲ್ಲದಿದ್ದರೆ ಕಂಕುಳಲ್ಲಿ ಇಟ್ಟುಕೊಂಡು ಗಾಡಿಯ ಕಡೆಗೆ ನಿಮ್ಮ ಇನ್ನೊಂದು ಪಕ್ಕ ತಿರುಗಿಸಿ ನಿಲ್ಲಿ. ನಡೆಯುವ ಮಗು ಆದರೆ ಕೈಯಳತೆಗಿಂತ ದೂರ ನಿಲ್ಲಿಸಿ. ಬುಟ್ಟಿ ಖಾಲಿ ಮಾಡಿ. ಸೀಟಿನಲ್ಲಿ ಬಿಸ್ಕತ್ತು, ಕೀಲಿಕೈ, ನೀರಿನ ಬಾಟಲಿ ಉಳಿದಿದೆಯೇ ಅಂತ ಒಮ್ಮೆ ಕೈಯಾಡಿಸಿ. ಬೆಲ್ಟಿನ ಬಕಲ್ ಹಾಕಿಬಿಡಿ, ಇಲ್ಲದಿದ್ದರೆ ಪಟ್ಟಿ ಹೊರಗೆ ಇಳಿದು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಕೊಡೆ ಹಿಂದಕ್ಕೆ. ಈಗ ಬಟನ್ ಒತ್ತಿ ಮಡಚಿ. ಲಾಕ್ ಬಿತ್ತೇ ಅಂತ ನೋಡಿ, ಎತ್ತಿ. ಮಡಚಲು ಬಿಗಿಯಾದರೆ ಬಲ ಹಾಕಬೇಡಿ. ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ನಮ್ಮ ಆಟೊ ಅಣ್ಣನಿಗೆ ನಾನು ಹೇಳಬೇಕಿದ್ದ ಮಾತು ಇದು.

ಬಿಚ್ಚುವಾಗ: ಟಕ್ ಸದ್ದು ಕೇಳಲಿ, ಹ್ಯಾಂಡಲ್ ಮೇಲೆ ಎರಡೂ ಕೈಯಿಟ್ಟು ಒಮ್ಮೆ ಒತ್ತಿ, ಒಮ್ಮೆ ಎತ್ತಿ ಅಲುಗಿಸಿ. ಕುಸಿಯಲಿಲ್ಲ ಅಂದರೆ ಬ್ರೇಕ್ ಹಾಕಿ, ಆಮೇಲೆ ಮಗುವನ್ನು ಕೂರಿಸಿ. ಕೂರಿಸಿದ ಕೂಡಲೇ ಬೆಲ್ಟ್. ಗೇಟಿನ ತನಕ ಅಷ್ಟೇ ಅಲ್ವಾ ಅಂತ ಬಿಡಬೇಡಿ.

ಮನೆಯಲ್ಲಿ ಗಾಡಿ ಮುಟ್ಟುವ ಎಲ್ಲರಿಗೂ ಇದನ್ನು ಕಲಿಸಿ. ತಾತನಿಗೆ ಮೂರು ಸಲ, ಸಹಾಯಕ್ಕೆ ಬರುವವರಿಗೆ ಮೂರು ಸಲ. ಗೊತ್ತಿಲ್ಲದವರು ಮಡಚುವುದು ಬೇಡ ಅನ್ನುವ ನಿಯಮ ನಮ್ಮ ಮನೆಯಲ್ಲಿದೆ.

ಹೆಜ್ಜೆ 6: ರಸ್ತೆಗಿಳಿದ ಮೇಲೆ

ಬೆಂಗಳೂರಿನಲ್ಲಿ ಗಾಡಿ ಸರಾಗವಾಗಿ ಉರುಳುವ ಜಾಗಗಳಿವೆ. ಲಾಲ್‌ಬಾಗಿನ ಒಳರಸ್ತೆಗಳು, ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್, ಅಗಲ ಮಾಡಿದ ರೆಸಿಡೆನ್ಸಿ ರಸ್ತೆಯಂಥ ಕೆಲವು ಫುಟ್‌ಪಾತ್‌ಗಳು. ಮೈಸೂರಿನಲ್ಲಿ ಮೃಗಾಲಯಕ್ಕೆ ಗಾಡಿ ಇಲ್ಲದೆ ಹೋಗುವುದು ಕಷ್ಟ, ನಡಿಗೆ ಅಷ್ಟಿದೆ. ಅಲ್ಲಿಗೆ ಮಂಗಳವಾರ ಹೋಗಬೇಡಿ, ರಜೆ.

ಉಳಿದ ಕಡೆ ಚರಂಡಿ ಮುಚ್ಚಿದ ಕಲ್ಲುಚಪ್ಪಡಿಗಳೇ ಫುಟ್‌ಪಾತ್. ಎರಡು ಚಪ್ಪಡಿಗಳ ನಡುವಿನ ಸಂದಿಗೆ ಚಿಕ್ಕ ಚಕ್ರ ಇಳಿದರೆ ಗಾಡಿ ಗಕ್ಕನೆ ನಿಲ್ಲುತ್ತದೆ, ನೀವು ಮುಂದಕ್ಕೆ ಬೀಳುತ್ತೀರಿ. ಸಂದಿ ಕಂಡಾಗ ಹ್ಯಾಂಡಲ್ ಸ್ವಲ್ಪ ಕೆಳಗೊತ್ತಿ ಮುಂದಿನ ಚಕ್ರ ಎತ್ತಿ ದಾಟಿಸಿ. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರ ತಿರುಗದಂತೆ ನೇರಕ್ಕೆ ಲಾಕ್ ಮಾಡಬಹುದು, ಒರಟು ನೆಲದಲ್ಲಿ ಹಾಗೆ ಮಾಡಿ. ಎತ್ತರದ ಅಂಚು ಹತ್ತುವಾಗ ಗಾಡಿ ತಿರುಗಿಸಿ, ನೀವು ಮೊದಲು ಹತ್ತಿ, ಹಿಂದಿನ ಚಕ್ರಗಳನ್ನು ಎಳೆದುಕೊಳ್ಳಿ. ಇಳಿಯುವಾಗಲೂ ನೀವೇ ಮೊದಲು, ಹಿಂದಿನ ಚಕ್ರ ಮೊದಲು. ಮಗು ಬೆನ್ನಿಗೆ ಒರಗಿಯೇ ಇರುತ್ತದೆ, ಮುಂದಕ್ಕೆ ಜಗ್ಗುವುದಿಲ್ಲ.

ರಸ್ತೆ ದಾಟುವುದಕ್ಕೆ ಬೇರೆ ಅಭ್ಯಾಸ ಬೇಕು. ಗಾಡಿ ನಿಮಗಿಂತ ಒಂದು ಮೀಟರ್ ಮುಂದಿರುತ್ತದೆ. ನಿಂತಿರುವ ಕಾರುಗಳ ನಡುವಿಂದ ನೀವು ಇಣುಕುವ ಮೊದಲೇ ಮಗು ರಸ್ತೆಯಲ್ಲಿರುತ್ತದೆ. ಹಾಗಾಗಿ ಕಾಯುವಾಗ ಗಾಡಿಯನ್ನು ರಸ್ತೆಗೆ ಸಮಾನಾಂತರವಾಗಿ, ನಿಮ್ಮ ಪಕ್ಕಕ್ಕೆ ಇಟ್ಟುಕೊಳ್ಳಿ. ಎರಡೂ ಕಡೆ ನೋಡಿದ ಮೇಲೆ ತಿರುಗಿಸಿ. ಒನ್‌ವೇ ಆದರೂ ಎರಡೂ ಕಡೆ ನೋಡಿ, ಯಾಕೆ ಅಂತ ನಾನು ಹೇಳಬೇಕಿಲ್ಲ.

ಬಿಸಿಲು. ಮಗು ನಿದ್ದೆ ಹೋದಾಗ ಗಾಡಿಯ ಮೇಲೆ ತೆಳು ಬಟ್ಟೆ ಹೊದಿಸುವುದು ಎಲ್ಲರಿಗೂ ಅಭ್ಯಾಸ. ಇದು ತಪ್ಪು. ತೆಳುವಾದ ಒಣ ಬಟ್ಟೆಯೂ ಗಾಳಿ ತಡೆದು ಒಳಗಿನ ಶಾಖ ಏರಿಸುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿ 2023ರಲ್ಲಿ ಪ್ರಕಟಿಸಿದ್ದಾರೆ. ಒಣ ಬಟ್ಟೆಗೆ ಶಾಖ ಏರಿತು, ಅದೇ ತೆಳು ಬಟ್ಟೆಯನ್ನು ಒದ್ದೆ ಮಾಡಿ ಪುಟ್ಟ ಫ್ಯಾನ್ ಇಟ್ಟಾಗ ಇಳಿಯಿತು. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಪಂಚೆ ಕಟ್ಟುತ್ತಿದ್ದದ್ದು ನೆನಪಾಯಿತು. ನನ್ನ ಸಲಹೆ ಸರಳ: ಗಾಡಿಯ ಸ್ವಂತ ಕೊಡೆ ಬಿಚ್ಚಿ, ಮರದ ನೆರಳು ಹಿಡಿಯಿರಿ, ಹನ್ನೊಂದರಿಂದ ನಾಲ್ಕರ ತನಕ ಹೊರಗೆ ಹೋಗದಿದ್ದರೆ ಇನ್ನೂ ಒಳ್ಳೆಯದು. ಆಗಾಗ ಮಗುವಿನ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬೆವೆತಿದ್ದರೆ ಎತ್ತಿಕೊಳ್ಳಿ.

ಗಾಂಧಿಬಜಾರ್‌ನ ಹಬ್ಬದ ಸಂತೆ, ಕೆ.ಆರ್. ಮಾರ್ಕೆಟ್, ಜಾತ್ರೆ, ದೇವಸ್ಥಾನ: ಇಲ್ಲಿಗೆಲ್ಲ ಗಾಡಿ ತರಲೇಬೇಡಿ. ಜನರ ಕಾಲುಗಳ ಎತ್ತರದಲ್ಲಿ ಕೂತ ಮಗುವಿಗೆ ಕಾಣುವುದು ಬರೀ ಕಾಲು, ಸಿಗುವುದು ಬರೀ ಧೂಳು. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಅಥವಾ ಸೊಂಟವೇ ಸರಿ.

"ಮಗೂನ ಎತ್ಕೊಳ್ಳೋಕೆ ಆಗಲ್ವೇನಮ್ಮ?" ಅಂತ ಪಾರ್ಕಿನಲ್ಲಿ ಯಾರಾದರೂ ಅಜ್ಜಿ ಕೇಳಿಯೇ ಕೇಳುತ್ತಾರೆ. ನಕ್ಕುಬಿಡಿ. ನನ್ನನ್ನು ಕೇಳಿದವರು ಹತ್ತು ನಿಮಿಷದಲ್ಲಿ ಗಾಡಿಯನ್ನು ತಾವೇ ತಳ್ಳುತ್ತಿದ್ದರು.

ಹೆಜ್ಜೆ 7: ಮೆಟ್ರೊ, ಕ್ಯಾಬ್, ವಿಮಾನ

ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅದನ್ನೇ ಹುಡುಕಿ. ಎಸ್ಕಲೇಟರ್‌ಗೆ ಗಾಡಿ ಹತ್ತಿಸಲೇಬಾರದು, ಮಗುವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಒಳಬಾಗಿಲಲ್ಲಿ ಅಗಲವಾದ ಗೇಟ್ ಒಂದಿರುತ್ತದೆ, ಸಿಬ್ಬಂದಿಯನ್ನು ಕೇಳಿ. ರೈಲಿನೊಳಗೆ ಬ್ರೇಕ್ ಹಾಕಿ, ಗಾಡಿ ರೈಲು ಓಡುವ ದಿಕ್ಕಿಗೆ ಅಡ್ಡವಾಗಿ ಇರಲಿ. ರೈಲು ಹೊರಡುವಾಗ, ನಿಲ್ಲುವಾಗ ಉರುಳುವುದಿಲ್ಲ. ಆಫೀಸ್ ಹೊತ್ತಿನಲ್ಲಿ ಮೆಜೆಸ್ಟಿಕ್ ನಿಲ್ದಾಣ ಅಂದರೆ ಮೊದಲೇ ಮಡಚಿ ಹೆಗಲಿಗೆ ಹಾಕಿಕೊಳ್ಳಿ.

ಕ್ಯಾಬ್ ಬುಕ್ ಮಾಡಿದಾಗ, ಬರುವ ಮೂರು ನಿಮಿಷ ಮೊದಲೇ ಮಡಚಿಟ್ಟುಕೊಂಡು ನಿಲ್ಲಿ. ಹಾರ್ನ್ ಕೇಳುತ್ತಾ ಮಡಚುವುದು ಯಾರಿಗೂ ಬರುವುದಿಲ್ಲ. ಒಂದು ಮಾತು: ಸ್ಟ್ರಾಲರ್ ಸೀಟು ಕಾರ್ ಸೀಟ್ ಆಗುವುದಿಲ್ಲ. ಕಾರಿಗೆ ಬೇರೆ ಸೀಟೇ ಬೇಕು.

ವಿಮಾನದ ವಿಷಯದಲ್ಲಿ ಬಹಳ ಜನ ಮೋಸ ಹೋಗುವುದು 'ಕ್ಯಾಬಿನ್ ಗಾತ್ರ' ಅನ್ನುವ ಪದಕ್ಕೆ. ಈ ಬಗೆಯ ಗಾಡಿಗಳಿಗೆ ದಾರಿ ಮಾಡಿದ ಫ್ರಾನ್ಸಿನ ಯೋಯೋ ಗಾಡಿ ಮಡಚಿದಾಗ 52, 44, 18 ಸೆಂ.ಮೀ. ಯುರೋಪಿನ ಕೆಲವು ವಿಮಾನಗಳ 56, 45, 25ರ ಮಿತಿಗೆ ಇದು ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ಇಂಡಿಗೊದ ಕೈಚೀಲದ ಮಿತಿ 55, 35, 25 ಸೆಂ.ಮೀ., ತೂಕ 7 ಕೆ.ಜಿ. ಅಂದರೆ ಅಗಲದಲ್ಲಿ 9 ಸೆಂ.ಮೀ. ಜಾಸ್ತಿ. ಬಿಡುವುದೂ ಬಿಡದಿರುವುದೂ ಅಲ್ಲಿದ್ದವರ ಇಷ್ಟ. ಆದ್ದರಿಂದ ಮೇಲಿನ ಕಪಾಟಿನ ಆಸೆ ಇಟ್ಟುಕೊಳ್ಳದೆ, ವಿಮಾನದ ಬಾಗಿಲ ತನಕ ಬಳಸಿ ಅಲ್ಲಿ ಕೊಡುವ ಲೆಕ್ಕದಲ್ಲಿ ಹೋಗಿ. ಚೆಕ್ಇನ್ ಕೌಂಟರ್‌ನಲ್ಲೇ ಹೇಳಿ ಟ್ಯಾಗ್ ಹಾಕಿಸಿಕೊಳ್ಳಿ. ಇಳಿದಾಗ ಬಾಗಿಲಲ್ಲೇ ಸಿಗುತ್ತದೆಯೋ, ಬೆಲ್ಟಿನಲ್ಲಿ ಬರುತ್ತದೆಯೋ ಅಂತ ಅಲ್ಲೇ ಕೇಳಿ, ಬೆಲ್ಟಿನಲ್ಲಾದರೆ ಕ್ಯಾರಿಯರ್ ಚೀಲ ಕೈಯಲ್ಲಿರಲಿ. ಬಿಚ್ಚಬಹುದಾದ ಕಂಬಿ, ಕಪ್ ಹೋಲ್ಡರ್, ಆಟಿಕೆ ಬಿಚ್ಚಿ ಚೀಲಕ್ಕೆ ಹಾಕಿ. ಕೊಡುವ ಮೊದಲು ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಒಮ್ಮೆ ನಮ್ಮ ಗಾಡಿಯ ಚಕ್ರ ಬಾಗಿ ಬಂದಿತ್ತು. ಫೋಟೊ ಇದ್ದದ್ದಕ್ಕೆ ದೂರು ಬರೆಸಿಕೊಂಡರು.

ರಜೆಗೆ ಊರಿಗೆ ಬರುವ ಅಮೆರಿಕದ ಬಂಧುಗಳು ದೊಡ್ಡ ಮೂರು ಚಕ್ರದ ಓಟದ ಗಾಡಿ ತಂದು, ಹಾಸನದ ಮನೆಯ ಹೊಸಿಲು ದಾಟಿಸಲಾಗದೆ ಜಗಲಿಯಲ್ಲೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಅಂಥವರಿಗೆ ಇಲ್ಲೇ ಅಕ್ಕಪಕ್ಕದಲ್ಲಿ ಒಂದು ಕೊಡೆ ಗಾಡಿ ಎರವಲು ತಂದಿಡಿ.

ಹೆಜ್ಜೆ 8: ಆರೈಕೆ

ಮಡಚುವ ಗಾಡಿ ಕೆಡುವುದು ಧೂಳಿನಿಂದ. ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಕೀಲುಗಳ ಧೂಳು ತೆಗೆಯಿರಿ. ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ಮನೆಮನೆಯ ಉಪಾಯ, ಆದರೆ ಅದಕ್ಕೆ ಧೂಳು ಅಂಟಿ ಎರಡು ವಾರದಲ್ಲಿ ಇನ್ನೂ ಬಿಗಿಯಾಗುತ್ತದೆ. ಸಿಲಿಕೋನ್ ಸ್ಪ್ರೇ ಹೊಡೆದು ಒರೆಸಿ. ಚಕ್ರ ತಿರುಗದಿದ್ದರೆ ಅಚ್ಚಿನ ಬಳಿ ನೋಡಿ, ನಿಮ್ಮದೇ ಉದ್ದ ಕೂದಲು ಸುತ್ತಿಕೊಂಡಿರುತ್ತದೆ. ಹೆರಿಗೆಯಾದ ಮೇಲೆ ಉದುರುವ ಕೂದಲು ಎಲ್ಲಿ ಹೋಯಿತು ಅಂತ ಆಗ ಗೊತ್ತಾಗುತ್ತದೆ. ಚಿಕ್ಕ ಕತ್ತರಿಯಲ್ಲಿ ಕತ್ತರಿಸಿ ತೆಗೆಯಿರಿ.

ಮಳೆಗಾಲದಲ್ಲಿ ಒದ್ದೆ ಗಾಡಿಯನ್ನು ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು. ಮಲೆನಾಡು, ಕರಾವಳಿಯವರಿಗೆ ಇದು ಹೇಳಬೇಕಿಲ್ಲ. ಬಿಚ್ಚಿಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಮಡಚಿ. ಮಲ್ಪೆಯಂಥ ಕಡಲ ದಂಡೆಯಿಂದ ಬಂದ ಮೇಲೆ ಮರಳು, ಉಪ್ಪು ಎರಡೂ ಹೋಗುವಂತೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ.

ಹಳೆಯದನ್ನು ಕೊಳ್ಳುವುದಾದರೆ

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಅರ್ಧ ಬೆಲೆಗೆ ಒಳ್ಳೆ ಗಾಡಿಗಳು ಬರುತ್ತವೆ. ಮಕ್ಕಳು ಬೇಗ ಬೆಳೆಯುತ್ತವೆ, ಬಳಕೆಯೂ ಅಷ್ಟಕ್ಕಷ್ಟೆ. ನಾನು ಎರಡನೆಯದನ್ನು ಹಾಗೇ ಕೊಂಡೆ. ಹತ್ತು ಸಲ ಮಡಚಿ ಬಿಚ್ಚಿ ನೋಡಿ. ಹ್ಯಾಂಡಲ್ ಹಿಡಿದು ಎಡಬಲಕ್ಕೆ ಅಲುಗಿಸಿ, ಕೀಲು ಸಡಿಲವಾಗಿದ್ದರೆ ಬೇಡ. ಮಡಚುವ ಲಾಕಿನಲ್ಲಿ ಬಿರುಕಿದ್ದರೆ, ದಾರ ಕಟ್ಟಿ ಸರಿ ಮಾಡಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಬೆಲ್ಟಿನ ಐದೂ ಪಟ್ಟಿ ಇವೆಯೇ, ಬಕಲ್ ಎಳೆದರೆ ಬಿಟ್ಟುಕೊಳ್ಳುತ್ತದೆಯೇ ನೋಡಿ. ಮಾದರಿಯ ಹೆಸರು ಹುಡುಕಿ, ಕಂಪನಿ ಅದನ್ನು ಹಿಂದಕ್ಕೆ ಕರೆಸಿಕೊಂಡಿತ್ತೇ ಅಂತ ತಿಳಿದುಕೊಳ್ಳಿ.

ಮುಂದೆ ನೀವೇ ಕೊಡುವ ದಿನ ಬಂದಾಗ, ಗಾಡಿಯ ಜೊತೆಗೆ ಮಡಚುವ ಒಂದು ನಿಮಿಷದ ವಿಡಿಯೊ ಮಾಡಿ ಕಳಿಸಿ. ಸೂಚನೆಯ ಪುಸ್ತಕ ಯಾರ ಮನೆಯಲ್ಲೂ ಉಳಿದಿರುವುದಿಲ್ಲ. ನನಗೆ ಮಾರಿದ ನಾಲ್ಕನೇ ಮಹಡಿಯವರು ಹಾಗೆ ಕಳಿಸಿದ್ದರು. ವಿಡಿಯೊದಲ್ಲಿ ಅವರ ಸೊಂಟದ ಮೇಲೆ ಮಗು ಇತ್ತು, ಒಂದೇ ಕೈಯಲ್ಲಿ ಮಡಚಿದರು.